ತಿಪ್ಪೆಯನ್ನು ಗೋಡೆಗೆ ಮೆತ್ತುವ ಜಾಣತನ

ಕಸದಿಂದ ರಸ ತೆಗೆಯುವ ಮಾತು ನಮ್ಮಲ್ಲಿ ಹಳೆಯದು. ಈಗ ಅದಕ್ಕೊಂದು ಹೊಸ ಅಧ್ಯಾಯ ಸೇರಿಕೊಂಡಿದೆ. ನಗರದ ಕಸವನ್ನು ಸುಡಬೇಕಂತೆ, ಆ ಶಾಖದಿಂದ ವಿದ್ಯುತ್ ಪಡೆಯಬೇಕಂತೆ, ಉಳಿದ ಬೂದಿಯನ್ನು ಸಿಮೆಂಟಿನಲ್ಲಿ ನೂರಕ್ಕೆ ಹತ್ತೋ ಇಪ್ಪತ್ತೋ ಪಾಲು ಬೆರೆಸಿ ಗಾರೆ ಕಲಸಬೇಕಂತೆ. ಕಸವೂ ಮಾಯ, ಬೂದಿಯೂ ಮಾಯ, ಸಿಮೆಂಟಿನ ಖರ್ಚೂ ಕಡಿಮೆ, ಭೂಮಿಯ ಜ್ವರವೂ ಕಡಿಮೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ವರದಿಗಳಲ್ಲಿ, ವಿಚಾರ ಸಂಕಿರಣಗಳಲ್ಲಿ, ‘ಹಸಿರು ಕಟ್ಟಡ’ದ ಮಾತಾಡುವವರ ಬಾಯಲ್ಲಿ ಇದು ಈಗ ಪರೀಕ್ಷೆಗೆ ಒಡ್ಡಬೇಕಾದ ಊಹೆಯಾಗಿ ಉಳಿದಿಲ್ಲ, ಒಪ್ಪಿತ ಸತ್ಯವಾಗಿಬಿಟ್ಟಿದೆ. ಇನ್ನು ಬಾಕಿಯಿರುವುದು ಎಷ್ಟು ಪಾಲು ಬೆರೆಸಬಹುದು ಎಂಬ ಲೆಕ್ಕವೊಂದೇ ಎಂಬ ಧಾಟಿ ಅವರದು.

ಆ ಲೆಕ್ಕಕ್ಕೆ ಹೋಗುವ ಮುಂಚೆಯೇ ನನ್ನ ತಕರಾರಿದೆ. ಇದಕ್ಕೆ ಮರುಬಳಕೆ ಎಂಬ ಗೌರವದ ಹೆಸರು ಸಲ್ಲುವುದಿಲ್ಲ. ತಳಕ್ಕೆ ಹಾಳೆ ಹಾಸಿದ, ಮೇಲೆ ಮುಚ್ಚಿದ, ಸುತ್ತಲ ಅಂತರ್ಜಲವನ್ನು ಪರೀಕ್ಷಿಸುತ್ತಿರಬೇಕಾದ ಒಂದು ಗುಂಡಿಗೆ ಹೋಗಬೇಕಾದ ಪದಾರ್ಥವನ್ನು, ಹಾಳೆಯಿಲ್ಲದ, ಲೆಕ್ಕವಿಲ್ಲದ, ಹೊಣೆಗಾರರಿಲ್ಲದ ಲಕ್ಷಾಂತರ ಗುಂಡಿಗಳಿಗೆ ಹಂಚಿಬಿಡುವ ಉಪಾಯ ಇದು. ಆ ಗುಂಡಿಗಳಲ್ಲಿ ನಾವು ಮಲಗುತ್ತೇವೆ, ಮಕ್ಕಳನ್ನು ಆಡಿಸುತ್ತೇವೆ, ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆಯುತ್ತೇವೆ.

ಬೂದಿಯ ಮೇಲೆ ನಮಗೊಂದು ವಿಶ್ವಾಸವಿದೆ. ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕಿದವರು, ಹುಳ ಬೀಳದಿರಲೆಂದು ಬಿತ್ತನೆ ಕಾಳಿಗೆ ಬೂದಿ ಸವರಿಟ್ಟವರು, ಬದನೆ ಗಿಡಕ್ಕೆ ಬೂದಿ ಎರಚಿದವರು, ಹಣೆಗೆ ಧರಿಸಿದವರು ನಾವು. ಬೆಂಕಿಗೆ ಬಿದ್ದ ಮೇಲೆ ಕೊಳೆ ಉಳಿಯುವುದುಂಟೆ ಎಂಬ ನಂಬಿಕೆ ನಮ್ಮೊಳಗೇ ಇದೆ. ಆದರೆ ಒಲೆಗೆ ಬಿದ್ದದ್ದು ಸೌದೆ, ಬೆರಣಿ, ತೆಂಗಿನ ಗರಿ. ನಗರದ ಕುಲುಮೆಗೆ ಬೀಳುವುದು ಪಿವಿಸಿ ಪೈಪಿನ ತುಂಡು, ಮುಗಿದ ಸೆಲ್ಲು, ಒಡೆದ ಟ್ಯೂಬ್‌ಲೈಟು, ಪೇಂಟಿನ ಡಬ್ಬ, ಮಾತ್ರೆಯ ಹಾಳೆ, ಕೆಟ್ಟ ಚಾರ್ಜರು, ಹರಿದ ಚಪ್ಪಲಿ. ಬೆಂಕಿ ಇಂಗಾಲವನ್ನು ಸುಡಬಲ್ಲದು. ಸೀಸ, ಕ್ಯಾಡ್ಮಿಯಂ, ಸತು, ತಾಮ್ರ, ಆಂಟಿಮನಿಗಳನ್ನು ಇಲ್ಲವಾಗಿಸುವುದು ಯಾವ ಬೆಂಕಿಯ ಕೈಯಲ್ಲೂ ಆಗದು, ಅವು ಮೂಲಧಾತುಗಳು. ನೂರು ಟನ್ ಕಸ ಸುಟ್ಟರೆ 20ರಿಂದ 30 ಟನ್ ಶೇಷ ಉಳಿಯುತ್ತದೆ. ನೂರು ಟನ್ನಿನಲ್ಲಿ ಚದುರಿಕೊಂಡಿದ್ದ ಲೋಹ ಬಹುಪಾಲು ಆ ಕಾಲುಭಾಗದೊಳಗೆ ಬಂದು ಕೂರುತ್ತದೆ. ಕಸ ಕರಗುತ್ತದೆ, ವಿಷ ಗಟ್ಟಿಯಾಗುತ್ತದೆ.

ಈ ಶೇಷದಲ್ಲಿ ಎರಡು ಬಗೆ. ಕುಲುಮೆಯ ತಳದಲ್ಲಿ ಉಳಿಯುವ ಒರಟು ತಳಬೂದಿ ಹೆಚ್ಚು ಪಾಲು. ಹೊಗೆಯೊಂದಿಗೆ ಮೇಲೇರಿ ಸೋಸುಚೀಲಗಳಲ್ಲಿ ಸಿಕ್ಕಿಬೀಳುವ ನಯವಾದ ಹಾರುಬೂದಿ ಸುಟ್ಟ ಕಸದ ನೂರಕ್ಕೆ ಎರಡರಿಂದ ಐದು ಪಾಲು. ಗಾತ್ರದಲ್ಲಿ ಚಿಕ್ಕದಾದರೂ ಕ್ಲೋರೈಡ್ ಉಪ್ಪು, ಸೀಸ, ಕ್ಯಾಡ್ಮಿಯಂಗಳ ನಿಜವಾದ ಬೀಡು ಈ ಎರಡನೆಯದು. ಕಸದ ಹಾರುಬೂದಿಯಲ್ಲಿ ಡಯಾಕ್ಸಿನ್ ಎಂಬ ವಿಷ ಇದೆಯೆಂದು ಆಮ್ಸ್ಟರ್‌ಡ್ಯಾಮಿನ ಕುಲುಮೆಯ ಮಾದರಿಯಲ್ಲಿ ವಿಜ್ಞಾನಿ ಓಲಿ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು 1977ರಲ್ಲಿ. ಕುಲುಮೆಯ ಉರಿಯಲ್ಲಿ ನಾಶವಾದ ಡಯಾಕ್ಸಿನ್, ಹೊಗೆ 250ರಿಂದ 400 ಡಿಗ್ರಿಗೆ ತಣಿಯುವಾಗ ಬೂದಿಯ ಕಣಗಳ ಮೇಲೆ, ತಾಮ್ರದ ನೆರವಿನಿಂದ, ಮತ್ತೆ ಹೊಸದಾಗಿ ಹುಟ್ಟುತ್ತದೆ. ಹಾಗಾಗಿ ‘ನಮ್ಮ ಚಿಮಣಿಯಿಂದ ಏನೂ ಹೊರಬರುವುದಿಲ್ಲ’ ಎಂದು ಸ್ಥಾವರದವರು ಹೆಮ್ಮೆಯಿಂದ ಹೇಳಿದಾಗ ನಂಬೋಣ. ನಂಬಿ, ಹಾಗಾದರೆ ಅದೆಲ್ಲ ಎಲ್ಲಿ ಹೋಯಿತು ಎಂದು ಕೇಳೋಣ. ಚಿಮಣಿ ಶುದ್ಧವಾದಷ್ಟೂ ಬೂದಿ ಕೊಳಕಾಗುತ್ತದೆ.

ಈಗ ಎದುರು ಪಕ್ಷದ ಬ್ರಹ್ಮಾಸ್ತ್ರಕ್ಕೆ ಬರುತ್ತೇನೆ. ‘ಕಲ್ಲಿದ್ದಲಿನ ಹಾರುಬೂದಿಯನ್ನೂ ಒಂದು ಕಾಲದಲ್ಲಿ ಹೀಗೇ ಬಯ್ಯುತ್ತಿದ್ದರು. ಇವತ್ತು ನೋಡಿ, ಶಕ್ತಿನಗರದ ರಾಯಚೂರು ಸ್ಥಾವರದ ಬೂದಿ ಸಿಮೆಂಟ್ ಕಂಪನಿಗಳಿಗೆ ಬೇಕಾದ ಸರಕಾಗಿದೆ. ನಿಮ್ಮ ಮನೆಯ ಪಿಪಿಸಿ ಸಿಮೆಂಟಿನಲ್ಲಿ ಅದೇ ಇದೆ.’ ನಿಜ. ಐಎಸ್ 1489 ಮಾನಕ ಶೇ 15ರಿಂದ 35ರವರೆಗೆ ಹಾರುಬೂದಿ ಸೇರಿಸಲು ಬಿಡುತ್ತದೆ. ನನ್ನ ಆಕ್ಷೇಪ ಅದಕ್ಕಲ್ಲ. ಆದರೆ ಎರಡಕ್ಕೂ ಬೂದಿ ಎಂಬ ಹೆಸರಿದೆ ಎಂಬುದರಾಚೆಗೆ ಇವಕ್ಕೆ ಏನು ನಂಟು? ಕಲ್ಲಿದ್ದಲು ಒಂದೇ ಇಂಧನ. ಅದನ್ನು ಹಿಟ್ಟಿನಂತೆ ಪುಡಿಮಾಡಿ, ಒಂದೇ ಹದದ ಭಾರೀ ಉರಿಗೆ ಊದುತ್ತಾರೆ. ಅದರೊಳಗಿನ ಜೇಡಿ ಕರಗಿ, ಗಾಳಿಯಲ್ಲೇ ತಣಿದು, ಗಾಜಿನ ಸಣ್ಣ ಗುಂಡುಗಳಾಗುತ್ತದೆ. ಆ ಗಾಜಿನ ಸಿಲಿಕಾ ಮತ್ತು ಅಲ್ಯೂಮಿನಾ, ಸಿಮೆಂಟ್ ನೆನೆದಾಗ ಬಿಡುಗಡೆಯಾಗುವ ಸುಣ್ಣದೊಂದಿಗೆ ಸೇರಿ ಹೊಸ ಅಂಟು ಕಟ್ಟುತ್ತದೆ. ಸಿಲಿಕಾ, ಅಲ್ಯೂಮಿನಾ, ಕಬ್ಬಿಣದ ಆಕ್ಸೈಡ್ ಮೂರೂ ಸೇರಿ ಕನಿಷ್ಠ ಶೇ 70 ಇರಲೇಬೇಕೆಂದು ಐಎಸ್ 3812 ಹೇಳುವುದು ಸುಮ್ಮನೆ ಅಲ್ಲ. ನಮ್ಮ ಅಜ್ಜಂದಿರು ಇಟ್ಟಿಗೆ ಪುಡಿಯ ಸುರ್ಕಿಯನ್ನು ಸುಣ್ಣಕ್ಕೆ ಬೆರೆಸಿ ಮಾಡಿದ್ದೂ ಇದೇ ರಸಾಯನವನ್ನು. ಕೃಷ್ಣರಾಜಸಾಗರದ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ.

ನಗರದ ಕಸಕ್ಕೆ ಹಾಗೆ ಒಂದು ಹದ ಎಂಬುದೇ ಇಲ್ಲ. ಆಯುಧಪೂಜೆಯ ಮರುದಿನ ಬೆಂಗಳೂರಿನ ಕಸದಲ್ಲಿ ಬೂದುಗುಂಬಳ, ಬಾಳೆಕಂದು; ದೀಪಾವಳಿಯ ಮರುದಿನ ಪಟಾಕಿಯ ಸಿಪ್ಪೆ; ಮಳೆಗಾಲದಲ್ಲಿ ಅರ್ಧಕ್ಕರ್ಧ ನೀರು. ಇವತ್ತಿನ ಬೂದಿಗೂ ನಾಳೆಯ ಬೂದಿಗೂ ಅಣ್ಣತಮ್ಮಂದಿರ ಹೋಲಿಕೆಯೂ ಇರುವುದಿಲ್ಲ. ಒಂದು ವಾರದ ಬೂದಿಯ ಮಾದರಿ ತಂದು ಪರೀಕ್ಷಿಸಿ ‘ಶೇ 10 ಸುರಕ್ಷಿತ’ ಎಂದು ಬರೆದವರು ನಿಜಕ್ಕೂ ಬರೆದದ್ದು ಆ ವಾರದ ಆ ರಾಶಿಯ ಬಗ್ಗೆ ಮಾತ್ರ. ಸಿಮೆಂಟಿಗೆ ಬೇಕಾದ ಮೊದಲ ಗುಣವೇ ನಿನ್ನೆಯ ಚೀಲದಂತೆ ಇವತ್ತಿನ ಚೀಲ ಇರುವುದು.

ಆ ಪರೀಕ್ಷೆಗಳ ವಿಧಾನವನ್ನೇ ಸ್ವಲ್ಪ ನೋಡೋಣ, ಏಕೆಂದರೆ ಇಡೀ ವಾದದ ಬುನಾದಿ ಅದು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಎನ್ನೋರಿನ ಪ್ರಮಾಣಿತ ಮರಳು, 70.6 ಮಿಲಿಮೀಟರಿನ ಘನಾಕಾರದ ಅಚ್ಚು. 28 ದಿನ ನೀರಿನಲ್ಲಿ ಕ್ಯೂರಿಂಗ್. ಆಮೇಲೆ ಯಂತ್ರಕ್ಕಿಟ್ಟು ಒಡೆಯುವುದು. ಶೇ 5, ಶೇ 10, ಶೇ 15, ಶೇ 20 ಬೂದಿ ಹಾಕಿ ಇದನ್ನೇ ಮಾಡಿ, ಶೇ 10ರವರೆಗೆ ಬಲ ಹೆಚ್ಚೇನೂ ಇಳಿಯಲಿಲ್ಲ ಎಂದು ತೀರ್ಮಾನಿಸುವುದು. ಆದರೆ ಹತ್ತು ಪಾಲು ಬೂದಿಯ ಬದಲು ಹತ್ತು ಪಾಲು ನುಣ್ಣನೆಯ ಕಲ್ಲುಪುಡಿ ಹಾಕಿದ್ದರೂ ಬಲ ಹೆಚ್ಚೇನೂ ಇಳಿಯುತ್ತಿರಲಿಲ್ಲ! ಕಣಗಳ ಸಂದು ತುಂಬುವ ಕೆಲಸವನ್ನು ಯಾವ ನುಣ್ಣನೆಯ ಪುಡಿಯೂ ಮಾಡುತ್ತದೆ. ಆ ಹೋಲಿಕೆಯ ಅಚ್ಚನ್ನು ಎಷ್ಟು ಮಂದಿ ಪಕ್ಕದಲ್ಲಿ ಎರಕ ಹೊಯ್ದಿದ್ದಾರೆ? ಬೂದಿ ಅಂಟಾಗಿ ದುಡಿಯಿತೋ ಸುಮ್ಮನೆ ಜಾಗ ಹಿಡಿದು ಕೂತಿತೋ ಎಂದು ಬೇರ್ಪಡಿಸಿ ತೋರಿಸದ ಪರೀಕ್ಷೆ, ಬೂದಿಗೆ ಯೋಗ್ಯತಾಪತ್ರ ಕೊಡಲಾರದು.

ಇನ್ನೂ ಸರಳವಾಗಿ ಹೇಳುತ್ತೇನೆ. ಒಳಗೋಡೆಯ ಪ್ಲಾಸ್ಟರಿಂಗಿಗೆ ನಮ್ಮ ಮೇಸ್ತ್ರಿಗಳು ಒಂದಕ್ಕೆ ಆರು ಪಾಲಿನ ಗಾರೆ ಕಲಸುತ್ತಾರೆ. ಆ ಗಾರೆಯ ಮೇಲೆ ಮನೆಯ ಭಾರ ಕೂರುವುದಿಲ್ಲ. ಅಲ್ಲಿ ಸಿಮೆಂಟನ್ನು ಶೇ 10 ಇಳಿಸಬೇಕೆಂದಿದ್ದರೆ ಒಂದಕ್ಕೆ ಆರೂಮುಕ್ಕಾಲು ಪಾಲು ಮರಳು ಹಾಕಿದರೆ ಆಯಿತು. ನಯ ಬೇಕೆಂದರೆ ಸ್ವಲ್ಪ ಸುಣ್ಣ. ಯಾವ ಬೂದಿಯೂ ಬೇಡ. ಸಿಮೆಂಟ್ ಉಳಿಸುವುದು ಗುರಿಯಾಗಿದ್ದರೆ ದಾರಿ ಇಷ್ಟು ಹತ್ತಿರದಲ್ಲಿದೆ. ಬೂದಿಯೇ ಬೇಕೆಂದು ಹಟ ಹಿಡಿಯುವವರ ಗುರಿ ಸಿಮೆಂಟ್ ಉಳಿಸುವುದಲ್ಲ, ಬೂದಿ ಕಳೆದುಕೊಳ್ಳುವುದು.

ಬಲದ ಮಾತು ಒತ್ತಟ್ಟಿಗಿರಲಿ, ಗಾರೆಯೊಳಗೆ ಈ ಬೂದಿ ಏನು ಮಾಡುತ್ತದೆ? ಕಸದಲ್ಲಿ ಹಾಲಿನ ಸೀಸೆಯ ಮುಚ್ಚಳ, ಬಿರಿಯಾನಿಯ ಬೆಳ್ಳಿಹಾಳೆ, ತಂಪುಪಾನೀಯದ ಕ್ಯಾನು ಇರುತ್ತವೆ. ಈ ಅಲ್ಯೂಮಿನಿಯಂ ಪೂರ್ತಿ ಸುಡದೆ ಕರಗಿ ಹನಿಹನಿಯಾಗಿ ತಳಬೂದಿಯಲ್ಲಿ ಉಳಿದಿರುತ್ತದೆ. ದೊಡ್ಡ ಚೂರುಗಳನ್ನು ಯಂತ್ರದಿಂದ ಆರಿಸಬಹುದು, ನಯವಾದ ಕಣಗಳನ್ನು ಪೂರ್ತಿ ತೆಗೆಯುವುದು ಆಗದ ಮಾತು. ಸಿಮೆಂಟ್ ನೀರಿನ ಕ್ಷಾರದಲ್ಲಿ ಅಲ್ಯೂಮಿನಿಯಂ ಜಲಜನಕ ಅನಿಲವನ್ನು ಬಿಡುತ್ತದೆ. ಒಂದು ಗ್ರಾಂ ಅಲ್ಯೂಮಿನಿಯಂ ಪೂರ್ತಿ ಕರಗಿದರೆ ಒಂದೂಕಾಲು ಲೀಟರಿನಷ್ಟು ಅನಿಲ. 50 ಕಿಲೋ ಚೀಲದಲ್ಲಿ ಶೇ 10 ಬೂದಿ ಎಂದರೆ 5 ಕಿಲೋ. ಅದರಲ್ಲಿ ನೂರಕ್ಕೆ ಒಂದು ಪಾಲು ಲೋಹ ಉಳಿದಿದೆ ಎಂದಿಟ್ಟುಕೊಂಡರೂ 50 ಗ್ರಾಂ. ಅನಿಲ 60 ಲೀಟರಿಗೂ ಮೇಲೆ. ಸಿಮೆಂಟ್ ಚೀಲದ ಗಾತ್ರವೇ ಸುಮಾರು 35 ಲೀಟರ್. ಎಎಸಿ ಬ್ಲಾಕ್ ಕಾರ್ಖಾನೆಯಲ್ಲಿ ಬ್ಲಾಕು ಉಬ್ಬಿ ಹಗುರಾಗಲೆಂದು ಬೇಕೆಂದೇ ಅಲ್ಯೂಮಿನಿಯಂ ಪುಡಿ ಹಾಕುತ್ತಾರೆ; ಅಲ್ಲಿ ಅಚ್ಚಿದೆ, ಅಳತೆಯಿದೆ. ಗೋಡೆಯ ಮೇಲೆ ಅದೇ ಕ್ರಿಯೆ ತನಗೆ ಬೇಕಾದಾಗ ನಡೆದರೆ ಗುಳ್ಳೆ, ಬಿರುಕು, ಟೊಳ್ಳು ಸದ್ದು. ಬೂದಿಯಲ್ಲಿನ ಗಾಜು ಕ್ಷಾರದೊಂದಿಗೆ ಸೇರಿ ವರ್ಷಗಳ ನಂತರ ಹಿಗ್ಗುತ್ತದೆ. ಸತು ಮತ್ತು ಸೀಸ ಸಿಮೆಂಟ್ ಗಟ್ಟಿಯಾಗುವುದನ್ನೇ ನಿಧಾನಗೊಳಿಸುತ್ತವೆ. ಕ್ಲೋರೈಡ್ ಕಬ್ಬಿಣವನ್ನು ತಿನ್ನುತ್ತದೆ. ಗಾರೆಯಲ್ಲಿ ಕಬ್ಬಿಣ ಎಲ್ಲಿದೆ ಎನ್ನಬೇಡಿ. ಗಾರೆಯ ಹಿಂದೆಯೇ ಕಂಬ, ತೊಲೆ, ಚಜ್ಜಾ ಇವೆ, ಗೋಡೆ ಒದ್ದೆಯಾದಾಗ ಉಪ್ಪಿಗೆ ನಡೆಯಲು ಬರುತ್ತದೆ. ಆರ್‌ಸಿಸಿಯಲ್ಲಿ ಘನ ಮೀಟರಿಗೆ 0.6 ಕಿಲೋಗಿಂತ ಹೆಚ್ಚು ಕ್ಲೋರೈಡ್ ಇರಕೂಡದು ಎನ್ನುತ್ತದೆ ಐಎಸ್ 456. ಕಸದ ಹಾರುಬೂದಿಯಲ್ಲಿ ಕ್ಲೋರಿನ್ ನೂರಕ್ಕೆ ಹತ್ತು ಪಾಲಿಗೂ ಮೇಲೆ ಇರುವುದು ಮಾಮೂಲು.

ತೊಳೆದರೆ ಹೋಗುತ್ತದೆ ಎನ್ನುತ್ತಾರೆ. ಹೋಗುತ್ತದೆ. ಆದರೆ ಒಂದು ಟನ್ ಬೂದಿ ತೊಳೆಯಲು ಹಲವು ಟನ್ ನೀರು ಬೇಕು. ತೊಳೆದ ನೀರಿನಲ್ಲಿ ಉಪ್ಪಿನೊಂದಿಗೆ ಸೀಸವೂ ಇಳಿಯುತ್ತದೆ. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಮತ್ತು ಅಂದಿನ ಬಿಬಿಎಂಪಿ ಸೇರಿ ದಿನಕ್ಕೆ 600 ಟನ್ ಕಸ ಸುಡುವ, 11.5 ಮೆಗಾವಾಟಿನ ಸ್ಥಾವರ ಕಟ್ಟಿವೆ. ಅದರ ಹತ್ತಿರದಲ್ಲೇ ಇದೆ ಬೈರಮಂಗಲ ಕೆರೆ. ಬೆಂಗಳೂರು ಕೊಟ್ಟ ವೃಷಭಾವತಿಯನ್ನು ಕುಡಿದು ಕುಡಿದು ಅದು ಏನಾಗಿದೆ ಎಂದು ಆ ಸೀಮೆಯ ರೈತರನ್ನು ಕೇಳಿದರೆ ಸಾಕು. ಬೂದಿ ತೊಳೆಯುವ ಸಲಹೆ ಕೊಡುವವರು ನೀರು ಎಲ್ಲಿಗೆ ಹೋಗಬೇಕೆಂಬುದನ್ನೂ ಅದೇ ಪ್ಯಾರಾದಲ್ಲಿ ಬರೆಯಬೇಕು.

‘ಸಿಮೆಂಟ್ ವಿಷಲೋಹಗಳನ್ನು ಕಟ್ಟಿಹಾಕುತ್ತದೆ’ ಎಂಬ ವಾದ ಇವುಗಳಲ್ಲಿ ಅತಿ ಗಂಭೀರವಾದದ್ದು. ಅರ್ಧ ನಿಜವೂ ಹೌದು. ಅಪಾಯಕಾರಿ ತ್ಯಾಜ್ಯವನ್ನು ಸಿಮೆಂಟಿನಲ್ಲಿ ಹೆಪ್ಪುಗಟ್ಟಿಸುವ ಪದ್ಧತಿ ಲೋಕದೆಲ್ಲೆಡೆ ಇದೆ. ಆದರೆ ಹಾಗೆ ಹೆಪ್ಪುಗಟ್ಟಿಸಿದ್ದನ್ನು ಅವರು ಭದ್ರ ಗುಂಡಿಗೆ ಇಳಿಸುತ್ತಾರೆ, ಮಲಗುವ ಕೋಣೆಗೆ ಬಳಿಯುವುದಿಲ್ಲ! ಹೊಸ ಗಾರೆಯ ಕ್ಷಾರಾಂಶ, ಪಿಎಚ್ ಲೆಕ್ಕದಲ್ಲಿ, 12ರಿಂದ 13. ಗಾಳಿಯ ಇಂಗಾಲಾಮ್ಲ ಹೀರುತ್ತಾ ಹೀರುತ್ತಾ ವರ್ಷಗಳಲ್ಲಿ ಅದು 9ರ ಆಸುಪಾಸಿಗೆ ಇಳಿಯುತ್ತದೆ. ಕ್ಷಾರ ಇಳಿದಂತೆ ಕೆಲವು ಲೋಹಗಳು ಇನ್ನಷ್ಟು ಗಟ್ಟಿಯಾಗಿ ಕೂರುತ್ತವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಆಂಟಿಮನಿ, ಮಾಲಿಬ್ಡಿನಂ ಇವು ತಮ್ಮನ್ನು ಹಿಡಿದಿಟ್ಟ ಹರಳುಗಳು ಒಡೆದಾಗ ಸಡಿಲವಾಗುತ್ತವೆ. ಸೀಸ ಮತ್ತು ಸತು ಅತಿ ಕ್ಷಾರದಲ್ಲೂ ಕರಗುತ್ತವೆ, ಆಮ್ಲದಲ್ಲೂ ಕರಗುತ್ತವೆ. ಎಲ್ಲವನ್ನೂ ಒಟ್ಟಿಗೆ, ಎಲ್ಲ ಕಾಲಕ್ಕೂ ಕಟ್ಟಿಹಾಕುವ ಹದ ಎಂಬುದಿಲ್ಲ. ಇನ್ನು ಸೋರಿಕೆಯ ಪರೀಕ್ಷೆ. ನಮ್ಮ ಅಪಾಯಕಾರಿ ತ್ಯಾಜ್ಯ ನಿಯಮಗಳೂ ನೆಚ್ಚುವ ಟಿಸಿಎಲ್‌ಪಿ ಪರೀಕ್ಷೆಯಲ್ಲಿ ಮಾದರಿಯನ್ನು ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಸುಮಾರು 18 ಗಂಟೆ ತಿರುಗಿಸುತ್ತಾರೆ. ಕಸದ ಗುಂಡಿಯಲ್ಲಿ ಏನಾದೀತು ಎಂದು ಊಹಿಸಲು ಹುಟ್ಟಿದ ಪರೀಕ್ಷೆ ಅದು. ಐವತ್ತು ಮಳೆಗಾಲ ಕಾಣಬೇಕಾದ ಹೊರಗೋಡೆಗೆ ಅದು ಏನು ಭರವಸೆ ಕೊಟ್ಟೀತು?

ಅದೂ ಗೋಡೆ ಗೋಡೆಯಾಗಿ ಇರುವಷ್ಟು ದಿನ. ಬೆಂಗಳೂರಿನಲ್ಲಿ ಮೂವತ್ತು ವರ್ಷದ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವುದು ದಿನನಿತ್ಯದ ನೋಟ. ಕೆಡವಿದ ಗಾರೆ ಧೂಳಾಗಿ ಬೀದಿಗೆ ಬರುತ್ತದೆ, ರಾತ್ರೋರಾತ್ರಿ ಟಿಪ್ಪರಿನಲ್ಲಿ ಕೆರೆಯಂಗಳ ಸೇರುತ್ತದೆ. ಆ ಹೊತ್ತಿಗೆ ಯಾವ ಗೋಡೆಯಲ್ಲಿ ಯಾವ ಊರಿನ ಕಸದ ಬೂದಿ ಎಷ್ಟಿತ್ತು ಎಂದು ಹೇಳುವವರು ಯಾರು? ಕಲಸಿ ತೆಳುಮಾಡಿದರೆ ಅಪಾಯ ಕಳೆಯಿತು ಎಂಬ ತರ್ಕವನ್ನು ತಡೆಯಲೆಂದೇ ಅಪಾಯಕಾರಿ ತ್ಯಾಜ್ಯವನ್ನು ಬೇರೆ ಪದಾರ್ಥದೊಂದಿಗೆ ಬೆರೆಸಕೂಡದು ಎಂದು ಯೂರೋಪಿನ 2008ರ ತ್ಯಾಜ್ಯ ನಿರ್ದೇಶನ ಹೇಳುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಕೇರಿಯ ಎಲ್ಲ ಮನೆಯ ಸಾರಿಗೂ ಒಂದೊಂದು ಸೌಟು ಸುರಿದು ಬಂದು, ನಮ್ಮ ಮನೆಯ ಉಪ್ಪು ಕಡಿಮೆಯಾಯಿತು ಎಂದು ಸಮಾಧಾನಪಟ್ಟಂತೆ ಈ ಲೆಕ್ಕ.

ಬೂದಿಗೆ ಒಳ್ಳೆಯ ಹೆಸರಿಟ್ಟು ಸಾಗಹಾಕುವುದು ಹೊಸ ವಿದ್ಯೆಯೂ ಅಲ್ಲ. 1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಕಸದ ಕುಲುಮೆಗಳ ಸುಮಾರು 14,000 ಟನ್ ಬೂದಿ ಹೊತ್ತು ‘ಖಿಯಾನ್ ಸೀ’ ಎಂಬ ಹಡಗು ಹೊರಟಿತು. ಒಂದಾದ ಮೇಲೊಂದು ದೇಶ ಅದನ್ನು ಬಂದರಿಗೆ ಸೇರಿಸಲಿಲ್ಲ. 1988ರ ಆರಂಭದಲ್ಲಿ ಹೈಟಿಯ ಗೊನೈವ್ ಎಂಬಲ್ಲಿ, ಗೊಬ್ಬರ ಎಂದು ಹೇಳಿ, ಸುಮಾರು 4,000 ಟನ್ ಕಡಲದಂಡೆಗೆ ಸುರಿದರು. ಉಳಿದ ಬೂದಿಯೊಂದಿಗೆ ಹಡಗು ಹೆಸರು ಬದಲಿಸಿಕೊಂಡು ಸುತ್ತಿತು. ಅದೇ ವರ್ಷದ ನವೆಂಬರಿನಲ್ಲಿ ಸಿಂಗಪುರದಲ್ಲಿ ಕಾಣಿಸಿಕೊಂಡಾಗ ಖಾಲಿ. ಬೂದಿ ಅಟ್ಲಾಂಟಿಕ್ ಮತ್ತು ನಮ್ಮ ಹಿಂದೂ ಮಹಾಸಾಗರಗಳ ಪಾಲಾಗಿತ್ತು. ಹೈಟಿಯಲ್ಲಿ ಸುರಿದದ್ದನ್ನು 2000ದಲ್ಲಿ ಬಾಚಿ ವಾಪಸು ಒಯ್ದು, ಕೊನೆಗೆ 2002ರಲ್ಲಿ ಪೆನ್ಸಿಲ್ವೇನಿಯಾದಲ್ಲೇ ಹೂಳಿದರು. ಇಂಥ ಪ್ರಕರಣಗಳ ಬಿಸಿಯಲ್ಲೇ 1989ರಲ್ಲಿ ಬಾಸೆಲ್ ಒಪ್ಪಂದ ಹುಟ್ಟಿತು. ಮನೆಗಸ ಸುಟ್ಟ ಶೇಷವನ್ನು ಆ ಒಪ್ಪಂದ ‘ವಿಶೇಷ ಗಮನ ಬೇಕಾದ ತ್ಯಾಜ್ಯ’ದ ಪಟ್ಟಿಯಲ್ಲಿ ಬೇರೆಯಾಗಿಯೇ ನಮೂದಿಸಿದೆ.

ಬಡದೇಶಕ್ಕೆ ಮಾತ್ರ ಹೀಗಾಗುವುದು ಎನ್ನುವವರು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರವನ್ನು ನೋಡಬೇಕು. ಅಲ್ಲಿನ ಬೈಕರ್ ಕುಲುಮೆಯ ಸುಮಾರು 2,000 ಟನ್ ಬೂದಿಯನ್ನು 1994ರಿಂದ 1999ರವರೆಗೆ ಜನರ ಕೈತೋಟಗಳ ಕಾಲುದಾರಿಗಳಿಗೆ ಹಾಸಿದರು. ಕಾಲಿಗೆ ಕೆಸರು ಹತ್ತದಿರಲಿ ಎಂಬ ಸದುದ್ದೇಶ. ಅದರಲ್ಲಿ ತಳಬೂದಿಯೊಂದಿಗೆ ಹಾರುಬೂದಿಯೂ ಬೆರೆತಿತ್ತು. ಪರೀಕ್ಷಿಸಿದಾಗ ಡಯಾಕ್ಸಿನ್ ಮತ್ತು ಲೋಹಗಳು ಸಿಕ್ಕಿದವು. ಆ ತೋಟಗಳಲ್ಲಿ ಸಾಕಿದ ಕೋಳಿಗಳ ಮೊಟ್ಟೆ ತಿನ್ನಬೇಡಿ ಎಂದು ಜನರಿಗೆ ಹೇಳಬೇಕಾಯಿತು. ಬೂದಿಯನ್ನು ಅಗೆದು ತೆಗೆದರು, ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ತಳಬೂದಿ ಬೇರೆ ಹಾರುಬೂದಿ ಬೇರೆ ಎಂದು ಪುಸ್ತಕದಲ್ಲಿ ಗೆರೆ ಎಳೆಯುವುದು ಸುಲಭ. ಸ್ಥಾವರದ ಅಂಗಳದಲ್ಲಿ ಆ ಗೆರೆಯನ್ನು ಕಾಯುವುದು ರಾತ್ರಿಪಾಳಿಯ ಲೋಡರ್ ಚಾಲಕನಿಗೆ ಬಿಟ್ಟದ್ದು.

ಜಪಾನ್, ನೆದರ್ಲೆಂಡ್ಸ್ ಮಾಡಿ ತೋರಿಸಿಲ್ಲವೇ ಎಂದು ಕೇಳುತ್ತಾರೆ. ಮಾಡಿವೆ, ಏನು ಮಾಡಿವೆ ಎಂದು ಪೂರ್ತಿ ಹೇಳಬೇಕು. ಜಪಾನಿನ ‘ಇಕೋಸಿಮೆಂಟ್’ ಕಾರ್ಖಾನೆಗಳು ಇಚಿಹಾರದಲ್ಲಿ 2001ರಲ್ಲಿ, ಟೋಕಿಯೋದ ತಾಮಾ ಭಾಗದಲ್ಲಿ 2006ರಲ್ಲಿ ಶುರುವಾದವು. ಅಲ್ಲಿ ಬೂದಿಯನ್ನು ಸಿದ್ಧ ಸಿಮೆಂಟಿಗೆ ಬೆರೆಸುವುದಿಲ್ಲ. ಸುಣ್ಣಕಲ್ಲು, ಜೇಡಿಯ ಜಾಗದಲ್ಲಿ ಕಚ್ಚಾವಸ್ತುವಾಗಿ ಗೂಡಿಗೆ ಹಾಕಿ 1300 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಡಯಾಕ್ಸಿನ್ ಒಡೆಯುತ್ತದೆ, ಸೀಸ, ತಾಮ್ರಗಳು ಕ್ಲೋರೈಡಾಗಿ ಆವಿಯಾಗಿ ಬೇರೆ ಸಿಗುತ್ತವೆ, ಹೊರಬರುವುದು ಹೊಸ ಕ್ಲಿಂಕರ್, ಅಂದರೆ ಪುಡಿಮಾಡಿದರೆ ಸಿಮೆಂಟಾಗುವ ಗಟ್ಟಿ. ಅದಕ್ಕೆಂದೇ 2002ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಮಾನಕ ಬಂತು. ಇದು ದುಬಾರಿ, ಶಿಸ್ತಿನ, ಪ್ರಾಮಾಣಿಕ ದಾರಿ. ಡಚ್ಚರು ತಳಬೂದಿಯನ್ನು ರಸ್ತೆಯ ದಿಬ್ಬಗಳಿಗೆ ಹಾಕಿದರು. ಹಾಕುವಾಗ ಹಾಳೆಯಲ್ಲಿ ಸುತ್ತಿ, ನೀರು ತಾಗದಂತೆ ಮಾಡಿ, ಎಲ್ಲಿ ಹಾಕಿದ್ದೇವೆಂದು ಬರೆದಿಟ್ಟು ಕಾಯುತ್ತಿದ್ದರು. ಅದೂ ಸಾಲದೆಂದು 2012ರಲ್ಲಿ ಒಪ್ಪಂದ ಮಾಡಿಕೊಂಡು ಬೂದಿಯನ್ನೇ ಇನ್ನಷ್ಟು ಶುದ್ಧಮಾಡುವ ಕಟ್ಟುಪಾಡು ಹಾಕಿಕೊಂಡರು. ಜರ್ಮನಿ ತನ್ನ ಹಾರುಬೂದಿಯನ್ನು ಹಳೆಯ ಉಪ್ಪಿನ ಗಣಿಗಳ ಆಳಕ್ಕೆ ಇಳಿಸುತ್ತದೆ. ನಾರ್ವೆಯ ಲಾಂಗೊಯಾ ದ್ವೀಪದ್ದು ಇನ್ನೊಂದು ಕಥೆ: ಸಿಮೆಂಟಿಗೆಂದು ಸುಣ್ಣಕಲ್ಲು ಅಗೆದು ತೆಗೆದ ಗಣಿಗುಂಡಿಯಲ್ಲಿ, ಸ್ಕ್ಯಾಂಡಿನೇವಿಯಾದ ಕಸದ ಹಾರುಬೂದಿಯನ್ನು ಆಮ್ಲದಿಂದ ಶಮನಗೊಳಿಸಿ ತುಂಬಿದರು. ಸಿಮೆಂಟ್ ಹುಟ್ಟಿದ ಗುಂಡಿಗೇ ಬೂದಿಯನ್ನು ಹಾಕಿದರಲ್ಲದೆ ಸಿಮೆಂಟಿಗೆ ಹಾಕಲಿಲ್ಲ. ಇವರ ಉದಾಹರಣೆ ಕೊಟ್ಟು ಪ್ಲಾಸ್ಟರಿಂಗಿಗೆ ಬೂದಿ ಬೆರೆಸಿ ಎನ್ನುವುದು ಅವರಿಗೂ ಅನ್ಯಾಯ, ನಮಗೂ ಮೋಸ.

ಗಾರೆ ಕಲಸುವವರ ಮಾತು ಈ ವರದಿಗಳಲ್ಲಿ ಬರುವುದೇ ಇಲ್ಲ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಬಂದವರು, ಶೆಡ್ಡಿನಲ್ಲಿ ಸಂಸಾರ ಹೂಡಿದವರು, ಬರಿಗೈಯಲ್ಲಿ ಗಾರೆ ಮುಟ್ಟುವವರು. ಒಣ ಸಿಮೆಂಟ್ ಚೀಲ ಬಿಚ್ಚಿ ಮರಳಿನ ಮೇಲೆ ಸುರಿಯುವಾಗ ಏಳುವ ಮೋಡವನ್ನು ಉಸಿರಾಡುವವಳು ಬಾಣಲಿ ಹೊರುವ ಹೆಂಗಸು. ಅವಳ ಮಗು ಅಲ್ಲೇ ಮರಳಿನಲ್ಲಿ ಕೂತಿರುತ್ತದೆ. ಮಾಮೂಲಿ ಸಿಮೆಂಟಿನ ಕ್ರೋಮಿಯಂನಿಂದಲೇ ಮೇಸ್ತ್ರಿಗಳ ಕೈ ಬಿರಿದು ಕಜ್ಜಿಯಾಗುತ್ತದೆಂದು ಯೂರೋಪು 2005ರಿಂದ ಅದಕ್ಕೆ ಹತ್ತು ಲಕ್ಷಕ್ಕೆ ಎರಡು ಪಾಲಿನ ಮಿತಿ ಹಾಕಿದೆ. ನಾವು ಆ ಮಿತಿಯ ಬಗ್ಗೆ ಮಾತೇ ಎತ್ತದೆ, ಸೀಸ ಮತ್ತು ಕ್ಯಾಡ್ಮಿಯಂನ ನಯವಾದ ಪುಡಿಯನ್ನೂ ಅವರ ಶ್ವಾಸಕ್ಕೆ ಸೇರಿಸುವ ಮಾತಾಡುತ್ತಿದ್ದೇವೆ. ಘನಾಕಾರದ ಅಚ್ಚು 28ನೇ ದಿನ ಎಷ್ಟು ಭಾರ ತಾಳಿತು ಎಂದು ಅಳೆಯುತ್ತೇವೆ, ಅಚ್ಚಿಗೆ ಗಾರೆ ತುಂಬಿದವರ ರಕ್ತದಲ್ಲಿ ಸೀಸ ಎಷ್ಟೆಂದು ಅಳೆಯುವುದಿಲ್ಲ.

ಹವಾಮಾನದ ಲೆಕ್ಕವನ್ನೂ ಮುಗಿಸಿಬಿಡೋಣ. ಲೋಕದ ಇಂಗಾಲಾಮ್ಲ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಶೇ 7ರಿಂದ 8. ಅದನ್ನು ಇಳಿಸಲೇಬೇಕು, ಎರಡು ಮಾತಿಲ್ಲ. ಆದರೆ ದಿನಕ್ಕೆ 600 ಟನ್ ಕಸ ಸುಡುವ ಸ್ಥಾವರದಿಂದ ಬೂದಿ ಸುಮಾರು 150 ಟನ್. ಭಾರತ ವರ್ಷಕ್ಕೆ 40 ಕೋಟಿ ಟನ್ನಿಗೂ ಹೆಚ್ಚು, ಅಂದರೆ ದಿನಕ್ಕೆ 11 ಲಕ್ಷ ಟನ್ ಸಿಮೆಂಟ್ ಮಾಡುತ್ತದೆ. ಇಂಥ ನೂರು ಸ್ಥಾವರದ ಬೂದಿಯನ್ನೆಲ್ಲ ಒಂದು ಚಿಟಿಕೆಯೂ ಬಿಡದೆ ಬೆರೆಸಿದರೂ ಶೇ ಒಂದೂವರೆ ಮುಟ್ಟುವುದಿಲ್ಲ. ಒಂದು ಟನ್ ಬೂದಿ ಒಂದು ಟನ್ ಕ್ಲಿಂಕರನ್ನು ಪೂರ್ತಿ ಉಳಿಸಿತೆಂದು ಉದಾರವಾಗಿ ಒಪ್ಪಿದರೂ ಉಳಿಯುವ ಇಂಗಾಲಾಮ್ಲ ಟನ್ನಿಗೆ 0.8ರಿಂದ 0.9 ಟನ್, 150 ಟನ್ನಿಗೆ ಸುಮಾರು 120ರಿಂದ 135. ಅದೇ 600 ಟನ್ ಕಸ ಸುಡುವಾಗ ಪ್ಲಾಸ್ಟಿಕ್ಕಿನಿಂದ ಹೊರಡುವ ಇಂಗಾಲಾಮ್ಲ, ಯೂರೋಪಿನ ಕಸದ ಅಂದಾಜಿನಂತೆ ಟನ್ನಿಗೆ ಮೂರನೇ ಒಂದು ಟನ್ನಿನ ಮೇಲೆ ಹಿಡಿದರೂ, 200 ಟನ್. ನಮ್ಮ ಕಸದಲ್ಲಿ ಪ್ಲಾಸ್ಟಿಕ್ ಅಷ್ಟಿಲ್ಲ ಎಂದು ಯಾರಾದರೂ ಹೇಳಬಹುದು. ಅಷ್ಟಿಲ್ಲದಿದ್ದರೆ ಆ ಕಸ ಉರಿಯುವುದೇ ಇಲ್ಲ.

ಸಿಮೆಂಟಿಗೆ ನಿಜವಾದ ಬದಲಿ ನಮ್ಮ ಕೈಯಲ್ಲೇ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಹುಟ್ಟುವ ಊದುಕುಲುಮೆಯ ಕಿಟ್ಟವಿದೆ. ಐಎಸ್ 455 ಅದನ್ನು ಶೇ 25ರಿಂದ 70ರವರೆಗೆ ಸೇರಿಸಲು ಬಿಡುತ್ತದೆ. ಗಂಗಾವತಿ, ದಾವಣಗೆರೆಯ ಅಕ್ಕಿಗಿರಣಿಗಳ ಹೊಟ್ಟನ್ನು ಹದವಾದ ಉರಿಯಲ್ಲಿ ಸುಟ್ಟರೆ ಸಿಗುವ ಬೂದಿ ಬಹುಪಾಲು ಚುರುಕಾದ ಸಿಲಿಕಾ. ಅರ್ಧ ಕ್ಲಿಂಕರ್, ಮಿಕ್ಕದ್ದರಲ್ಲಿ ಸುಟ್ಟ ಜೇಡಿ ಮತ್ತು ಸುಣ್ಣಕಲ್ಲು ಬೆರೆಸುವ ಎಲ್‌ಸಿ3 ಸಿಮೆಂಟಿಗೆ ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಐಎಸ್ 18189 ಮಾನಕ ಕೊಟ್ಟಾಗಿದೆ. ಸುಟ್ಟ ಜೇಡಿ ಎಂದರೆ ಮತ್ತೆ ಸುರ್ಕಿಯೇ. ಇವಕ್ಕೆಲ್ಲ ಮೂಲ ಗೊತ್ತು, ಹದ ಗೊತ್ತು, ಮಾನಕ ಬರೆಯಲು ಬರುತ್ತದೆ. ಇವುಗಳ ಮೇಲೆ ಕೆಲಸ ಮಾಡಬೇಕಾದ ಪ್ರಯೋಗಾಲಯಗಳ ಹೊತ್ತು ಕಸದ ಬೂದಿಗೆ ಯೋಗ್ಯತಾಪತ್ರ ಬರೆಯುವುದರಲ್ಲಿ ಕಳೆಯುತ್ತಿದೆ.

‘ಹೇಗೂ ಸುಡುತ್ತಾರಲ್ಲ, ಬೂದಿಯನ್ನು ಏನು ಮಾಡುವುದು?’ ಇದು ಕೊನೆಯ ಪ್ರಶ್ನೆ, ನಿಜಕ್ಕೂ ಇದೊಂದೇ ಪ್ರಶ್ನೆ. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ನಿಮ್ಮ ಕಸ ನಮಗೆ ಬೇಡ ಎಂದು ಬೀದಿಗಿಳಿದ ಮೇಲೆ ಬೆಂಗಳೂರು ಬೆಂಕಿಯ ಕಡೆ ತಿರುಗಿತು. ಕಸವನ್ನು ಮನೆಯಲ್ಲೇ ಹಸಿ, ಒಣ ಎಂದು ಬೇರ್ಪಡಿಸಬೇಕೆಂದು ಕಡ್ಡಾಯವಾದದ್ದು 2012ರಲ್ಲಿ. ಬೇರ್ಪಟ್ಟರೆ ಹಸಿಕಸ ಗೊಬ್ಬರವಾಗುತ್ತದೆ, ಒಣಕಸ ಚಿಂದಿ ಆಯುವವರ ಅನ್ನವಾಗುತ್ತದೆ. ಗಾರೆಯನ್ನು ಸೀಳುವ ಆ ಅಲ್ಯೂಮಿನಿಯಂ, ಹಿಗ್ಗುವ ಆ ಗಾಜು, ಕ್ಲೋರೈಡಾಗುವ ಆ ಪಿವಿಸಿ, ಎಲ್ಲವೂ ಒಣತ್ಯಾಜ್ಯ ಕೇಂದ್ರದಲ್ಲಿ ಕಿಲೋಗಿಷ್ಟು ಎಂದು ಬೆಲೆ ಬಾಳುವ ಸರಕು. ಅವನ್ನು ಬೆಂಕಿಗೆ ಹಾಕಿ ಕೆಡಿಸಿ, ಕೆಟ್ಟದ್ದನ್ನು ಸಿಮೆಂಟಿಗೆ ಹಾಕಿ ಅದನ್ನೂ ಕೆಡಿಸುವುದಕ್ಕೆ ಸಂಪನ್ಮೂಲ ಎಂಬ ಹೆಸರು ಬೇರೆ. ಬೂದಿಗೊಂದು ಮಾರುಕಟ್ಟೆ ಸಿಕ್ಕಿತೆಂದರೆ ಇನ್ನಷ್ಟು ಕುಲುಮೆಗಳಿಗೆ ದಾರಿ ಸಲೀಸು. ಕುಲುಮೆಗಳು ಹೆಚ್ಚಿದರೆ ಕಸ ಬೇರ್ಪಡಿಸುವವರ ಕೈ ಖಾಲಿ.

ಆದದ್ದರಿಂದ ಸುಟ್ಟವರೇ ಬೂದಿಯ ಹೊಣೆ ಹೊರಲಿ. ಬೂದಿಯ ವಿಷಲೋಹ ಮಿತಿ ಮೀರಿದರೆ ಅಪಾಯಕಾರಿ ತ್ಯಾಜ್ಯದ ಭದ್ರ ಗುಂಡಿಗೇ ಹೋಗಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಆ ಖರ್ಚನ್ನೂ ಸೇರಿಸಿ ಕಸದ ವಿದ್ಯುತ್ತಿನ ನಿಜವಾದ ಬೆಲೆ ಕಟ್ಟಲಿ. ಮಾನಕ ಬ್ಯೂರೊ ಕಸದ ಬೂದಿಯನ್ನು ಸಿಮೆಂಟಿನ ಯಾವ ಮಾನಕದೊಳಗೂ ಬಿಟ್ಟುಕೊಳ್ಳದಿರಲಿ. ಮನೆ ಕಟ್ಟಿಸುತ್ತಿರುವ ಓದುಗರು ತಮ್ಮ ಕೈಲಾದಷ್ಟು ಮಾಡಬಹುದು. ಪಿಪಿಸಿ ಚೀಲದ ಮೇಲೆ ಹಾರುಬೂದಿ ಶೇಕಡ ಎಷ್ಟೆಂದು ಅಚ್ಚಾಗಿರುತ್ತದೆ, ಅದು ಕಲ್ಲಿದ್ದಲಿನದು, ಹೆದರಬೇಕಾಗಿಲ್ಲ. ಆದರೆ ‘ಹಸಿರು ಗಾರೆ’, ‘ಇಕೋ ಬ್ಲಾಕ್’ ಎಂದು ಅಗ್ಗದ ಮಾಲು ಬಾಗಿಲಿಗೆ ಬಂದಾಗ, ಇದರಲ್ಲಿರುವುದು ಯಾವ ಬೂದಿ, ಎಲ್ಲಿಯದು ಎಂದು ಬಿಲ್ಲಿನ ಮೇಲೆ ಬರೆದುಕೊಡಿ ಎಂದು ಕೇಳಿ. ಬರೆದುಕೊಡದಿದ್ದರೆ ಲಾರಿಯಿಂದ ಇಳಿಸಿಕೊಳ್ಳಬೇಡಿ.